ಗಡಿಕಲ್ಲಾದ ಹಡಗು

ಗಡಿಕಲ್ಲು ಎಂದರೇನು ಎಂಬುದನ್ನು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆಯ ಮೂಲೆಯಲ್ಲಿ ಅರ್ಧ ಹೂತುಹೋದ ಒಂದು ಕಲ್ಲಿಗಾಗಿ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಕಂಡವರು ನಾವು. ಕಲ್ಲಿಗೆ ಬೆಲೆಯಿಲ್ಲ, ಅದು ಕೂತ ಜಾಗಕ್ಕೆ ಬೆಲೆ. ಅಲ್ಲಾಡದೆ ಇರುವುದೊಂದೇ ಅದರ ಕೆಲಸ. ಇವತ್ತು ನಾನು ಹೇಳಹೊರಟಿರುವುದು ಒಂದು ಹಡಗಿನ ಸಂಗತಿ. ಓಡಾಡುವುದಕ್ಕೆಂದೇ ಕಟ್ಟಿದ ಹಡಗು, ತನ್ನ ಐವತ್ತೈದನೆಯ ವರ್ಷದಲ್ಲಿ ನಡುಸಮುದ್ರದಲ್ಲಿ ಗಡಿಕಲ್ಲಾಗಿ ಕೂತುಬಿಟ್ಟ ಸಂಗತಿ.

ಹಡಗಿನ ಈಗಿನ ಹೆಸರು ಬಿ.ಆರ್.ಪಿ. ಸಿಯೆರಾ ಮಾದ್ರೆ. ಅದು ಫಿಲಿಪ್ಪೀನ್ಸ್ ದೇಶದ ನೌಕಾಪಡೆಗೆ ಸೇರಿದ್ದು. ಇದಕ್ಕೆ ಮೊದಲು ಅದಕ್ಕೆ ಬೇರೆ ಹೆಸರುಗಳಿದ್ದವು, ಬೇರೆ ಬಾವುಟಗಳಿದ್ದವು. ಒಂದೊಂದಾಗಿ ಹೇಳುತ್ತೇನೆ.

ಮೊದಲು ಇದು ಯಾವ ಜಾತಿಯ ಹಡಗು ಎಂಬುದನ್ನು ತಿಳಿಯೋಣ. 1940ರ ಮೇ–ಜೂನ್ ತಿಂಗಳಲ್ಲಿ ಫ್ರಾನ್ಸಿನ ಡಂಕರ್ಕ್ ಎಂಬ ಊರಿನಿಂದ ಬ್ರಿಟಿಷರ ಸೈನ್ಯ ಜೀವ ಉಳಿಸಿಕೊಂಡು ಹಿಂದಕ್ಕೆ ಬಂತು. ಮೂರು ಲಕ್ಷಕ್ಕೂ ಮಿಕ್ಕಿ ಜನ ಸಮುದ್ರ ದಾಟಿದರು. ಆದರೆ ಅವರ ಟ್ಯಾಂಕುಗಳು, ಫಿರಂಗಿಗಳು, ಲಾರಿಗಳು ಎಲ್ಲ ಅಲ್ಲೇ ಉಳಿದವು. ಮತ್ತೆ ಆ ನೆಲಕ್ಕೆ ಕಾಲಿಡಬೇಕಾದರೆ ಟ್ಯಾಂಕುಗಳನ್ನು ಹೊತ್ತು ಮಹಾಸಾಗರ ದಾಟಿ, ಬಂದರೂ ಇಲ್ಲದ, ಕಟ್ಟೆಯೂ ಇಲ್ಲದ ಬರಿಯ ಮರಳಿನ ದಡಕ್ಕೆ ನೇರವಾಗಿ ಇಳಿಸುವ ಹಡಗು ಬೇಕು ಎಂದು ಬ್ರಿಟಿಷರಿಗೆ ಹೊಳೆಯಿತು. ಅವರು ಅಮೆರಿಕೆಯನ್ನು ಕೇಳಿದರು. 1941ರ ನವೆಂಬರಿನಲ್ಲಿ, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮೊದಲೇ, ಅಲ್ಲಿನ ನೌಕಾಪಡೆಯ ಜಾನ್ ನೀಡರ್‌ಮೇರ್ ಎಂಬ ವಿನ್ಯಾಸಕಾರ ಕೆಲವೇ ಗಂಟೆಗಳಲ್ಲಿ ಅದರ ಕಚ್ಚಾ ನಕ್ಷೆ ಬರೆದುಕೊಟ್ಟ. ಮುಂದೆ ಕಟ್ಟಿದ್ದೆಲ್ಲ ಹೆಚ್ಚುಕಡಿಮೆ ಆ ನಕ್ಷೆಯಂತೆಯೇ.

ಅಳಿವೆಯಲ್ಲಿ ದೋಣಿ ನಡೆಸಿದವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತದೆ. ಹೊಳೆಯ ದೋಣಿಗೆ ತಳ ಚಪ್ಪಟೆ ಇರಬೇಕು, ಇಲ್ಲವಾದರೆ ಅದು ಮರಳಿಗೆ ಕಚ್ಚಿಕೊಳ್ಳುತ್ತದೆ. ಕಡಲಿನ ದೋಣಿಗೆ ತಳ ಚೂಪು ಇರಬೇಕು, ಇಲ್ಲವಾದರೆ ಅಲೆಗೆ ಮಗುಚುತ್ತದೆ. ಒಂದೇ ಹಡಗು ಎರಡೂ ಆಗಬೇಕು ಎಂದರೆ ಹೇಗೆ? ನೀಡರ್‌ಮೇರ್ ಕಂಡುಕೊಂಡ ಉಪಾಯ ಸರಳವಾದದ್ದು. ತಳವನ್ನು ಚಪ್ಪಟೆಯಾಗಿಯೇ ಇಟ್ಟ. ಆದರೆ ಹಡಗಿನ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ನೀರಿನ ತೊಟ್ಟಿಗಳನ್ನು ಇರಿಸಿದ. ಆಳ ಸಮುದ್ರದಲ್ಲಿ ಹೋಗುವಾಗ ತೊಟ್ಟಿಗಳಿಗೆ ಕಡಲ ನೀರು ತುಂಬಿಕೊಳ್ಳುವುದು, ಆಗ ಹಡಗು ಭಾರವಾಗಿ ಆಳಕ್ಕೆ ಕೂರುತ್ತದೆ. ದಡ ಹತ್ತಿರ ಬಂದಾಗ ಪಂಪು ಹಾಕಿ ನೀರನ್ನು ಹೊರಗೆ ಚೆಲ್ಲುವುದು, ಆಗ ಹಡಗು ಮೇಲೆ ಏಳುತ್ತದೆ. ದಡಕ್ಕೆ ಮುಟ್ಟುವ ಹೊತ್ತಿಗೆ ಅದರ ಮೂತಿ ನೀರಿನಲ್ಲಿ ಮೂರು ನಾಲ್ಕು ಅಡಿಯಷ್ಟೇ ಮುಳುಗಿರುತ್ತದೆ, ಹಿಂಭಾಗ ಹತ್ತು ಅಡಿಯಷ್ಟು.

ಮೂತಿಯಲ್ಲಿ ಎರಡು ದೊಡ್ಡ ಬಾಗಿಲು. ನಮ್ಮ ಮನೆಯ ಹೆಬ್ಬಾಗಿಲಿನ ಹಾಗೆ ಅವು ಎರಡೂ ಕಡೆಗೆ ತೆರೆಯುತ್ತವೆ. ಒಳಗಿನಿಂದ ಒಂದು ಕಬ್ಬಿಣದ ಹಲಗೆ ಕೆಳಗಿಳಿಯುತ್ತದೆ, ಅದರ ಮೇಲೆ ಟ್ಯಾಂಕುಗಳು ಗುಡುಗುಡು ಎಂದು ಹೊರಗೆ ಬರುತ್ತವೆ. ಹದಿನೆಂಟು ಇಪ್ಪತ್ತು ಟ್ಯಾಂಕುಗಳು ಹಿಡಿಸುವಷ್ಟು ದೊಡ್ಡ ಹೊಟ್ಟೆ ಅದು. ಇನ್ನು ವಾಪಸು ಹೋಗುವುದು ಹೇಗೆ? ಅದಕ್ಕೂ ಉಪಾಯವಿತ್ತು. ದಡಕ್ಕೆ ನುಗ್ಗುವ ಮೊದಲೇ ಹಿಂಭಾಗದಿಂದ ಒಂದು ಲಂಗರನ್ನು ಸಮುದ್ರಕ್ಕೆ ಇಳಿಬಿಟ್ಟು ಬರುವುದು. ಕೆಲಸ ಮುಗಿದ ಮೇಲೆ ಆ ಲಂಗರಿನ ಹಗ್ಗವನ್ನು ಯಂತ್ರದಿಂದ ಸುತ್ತುತ್ತ, ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳುವುದು. ಬೇರೆಲ್ಲ ಹಡಗುಗಳಿಗೆ ನೆಲ ಹತ್ತುವುದು ಅಪಘಾತ. ಈ ಹಡಗಿಗೆ ಅದೇ ಉದ್ಯೋಗ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಗೆ ಇದೇ ಬೇಕಾಗುತ್ತದೆ.

ಇಂಥ ಹಡಗಿಗೆ ಲ್ಯಾಂಡಿಂಗ್ ಶಿಪ್ ಟ್ಯಾಂಕ್, ಚಿಕ್ಕದಾಗಿ ಎಲ್.ಎಸ್.ಟಿ. ಎಂದು ಕರೆದರು. ಉದ್ದ 328 ಅಡಿ, ಅಗಲ 50 ಅಡಿ. ವೇಗ ಮಾತ್ರ ಗಂಟೆಗೆ ಹೆಚ್ಚೆಂದರೆ 22 ಕಿಲೋಮೀಟರು. ಚಪ್ಪಟೆ ತಳವಾದ್ದರಿಂದ ಸಣ್ಣ ಅಲೆಗೂ ತೊಟ್ಟಿಲಿನಂತೆ ಹೊರಳುತ್ತಿತ್ತು. ಅದರಲ್ಲಿದ್ದ ನಾವಿಕರೇ ಎಲ್.ಎಸ್.ಟಿ. ಎಂದರೆ ‘ಲಾರ್ಜ್ ಸ್ಲೋ ಟಾರ್ಗೆಟ್’, ಅಂದರೆ ದೊಡ್ಡದಾದ, ನಿಧಾನವಾಗಿ ಹೋಗುವ ಗುರಿಹಲಗೆ ಎಂದು ತಮಾಷೆ ಮಾಡುತ್ತಿದ್ದರು.

ನಮ್ಮ ದೇಶದಲ್ಲೂ ಇಂಥ ಹಡಗುಗಳಿವೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಲ್ಕತ್ತೆಯಲ್ಲಿ ಕಟ್ಟಿದ ಐ.ಎನ್.ಎಸ್. ಮಗರ್ 1987ರಿಂದ ನಮ್ಮ ನೌಕಾಪಡೆಯಲ್ಲಿತ್ತು. 2004ರ ಸುನಾಮಿಯಲ್ಲಿ ಜನರನ್ನು ಉಳಿಸಿತು. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಮಾಲ್ಡೀವ್ಸ್‌ನಲ್ಲಿ ಸಿಕ್ಕಿಬಿದ್ದಿದ್ದ 202 ಜನರನ್ನು ಕೊಚ್ಚಿಗೆ ತಂದಿಳಿಸಿತು. 2023ರ ಮೇ 6ರಂದು ಅದೇ ಕೊಚ್ಚಿಯಲ್ಲಿ ಅದಕ್ಕೆ ನಿವೃತ್ತಿಯಾಯಿತು. ಅದು ಮರ್ಯಾದೆಯ ನಿವೃತ್ತಿ. ನಮ್ಮ ಕಥೆಯ ಹಡಗಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಅದು ಹುಟ್ಟಿದ್ದು ಸಮುದ್ರದ ಹತ್ತಿರ ಅಲ್ಲ. ಯುದ್ಧಕಾಲದಲ್ಲಿ ಅಮೆರಿಕೆಯ ಕಡಲತೀರದ ಹಡಗುಕಟ್ಟೆಗಳಿಗೆ ಕೈತುಂಬ ಕೆಲಸವಿತ್ತು. ಹಾಗಾಗಿ ಒಳನಾಡಿನ ನದಿಗಳ ದಡದಲ್ಲಿ ಹೊಸ ಕಟ್ಟೆಗಳನ್ನು ತೆರೆದರು. ಜನ ಅವುಗಳನ್ನು ಮುಸುಕಿನ ಜೋಳದ ಹೊಲದ ಹಡಗುಕಟ್ಟೆ ಎಂದು ಕರೆದರು. ಒಹಾಯೊ ನದಿಯ ದಡದ ಎವಾನ್ಸ್‌ವಿಲ್ ಎಂಬ ಊರಿನಲ್ಲಿ ಒಂದು ಕಟ್ಟೆ. ಅದನ್ನು ನಡೆಸಿದ್ದು ಅಲ್ಲಿಯವರೆಗೆ ಸೇತುವೆ ಕಟ್ಟುತ್ತಿದ್ದ ಕಂಪನಿ. ಹಡಗನ್ನೇ ನೋಡದಿದ್ದ ಗಂಡಸರು ಹೆಂಗಸರು ವೆಲ್ಡಿಂಗ್ ಕಲಿತು ಅಲ್ಲಿ 167 ಎಲ್.ಎಸ್.ಟಿ.ಗಳನ್ನು ಕಟ್ಟಿದರು. ನದಿ ಅಗಲ ಸಾಲದ್ದರಿಂದ ಹಡಗನ್ನು ಅಡ್ಡಡ್ಡವಾಗಿ, ಪಕ್ಕಕ್ಕೆ ಜಾರಿಸಿ ನೀರಿಗೆ ಬಿಡುತ್ತಿದ್ದರಂತೆ. ಅಲ್ಲಿಂದ ಒಹಾಯೊ, ಆಮೇಲೆ ಮಿಸಿಸಿಪಿ ನದಿ ಹಿಡಿದು ಸಮುದ್ರಕ್ಕೆ ಪಯಣ.

ನಮ್ಮ ಹಡಗು ಹೀಗೆ ನೀರಿಗಿಳಿದದ್ದು 1944ರ ಅಕ್ಟೋಬರ್ 27ರಂದು. ಹೆಸರಿಡುವ ಪುರುಸೊತ್ತು ಯಾರಿಗೂ ಇರಲಿಲ್ಲ, ಬರಿಯ ನಂಬರು: ಎಲ್.ಎಸ್.ಟಿ. 821. ನವೆಂಬರ್ 14ಕ್ಕೆ ಸೇವೆಗೆ ಸೇರಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಜಪಾನಿನ ಓಕಿನಾವಾ ದ್ವೀಪದ ಮೇಲೆ ಅಮೆರಿಕನ್ನರು ಇಳಿದಾಗ ಈ ಹಡಗೂ ಆ ಕದನದಲ್ಲಿತ್ತು. ಯುದ್ಧ ಮುಗಿಯಿತು. 1946ರಲ್ಲಿ ಕೆಲಸದಿಂದ ತೆಗೆದು, ಅಮೆರಿಕೆಯ ಪಶ್ಚಿಮದ ಕೊಲಂಬಿಯಾ ನದಿಯಲ್ಲಿ ಮೀಸಲು ಹಡಗುಗಳ ಸಾಲಿನಲ್ಲಿ ಕಟ್ಟಿಹಾಕಿದರು. ಅಲ್ಲಿ ಇಪ್ಪತ್ತು ವರ್ಷ ನಿಂತಿತ್ತು. ನಡುವೆ 1955ರಲ್ಲಿ ಉಳಿದ ನಂಬರಿನ ಹಡಗುಗಳಿಗೆಲ್ಲ ಅಮೆರಿಕೆಯ ಜಿಲ್ಲೆಗಳ ಹೆಸರಿಡುವಾಗ ಇದಕ್ಕೂ ಒಂದು ಹೆಸರು ಬಂತು, ಹಾರ್ನೆಟ್ ಕೌಂಟಿ. ಹುಟ್ಟಿ ಹನ್ನೊಂದು ವರ್ಷಕ್ಕೆ ನಾಮಕರಣ!

1966ರಲ್ಲಿ ಅದನ್ನು ಮತ್ತೆ ಎಬ್ಬಿಸಿದರು. ಆಗ ವಿಯೆಟ್ನಾಂ ಯುದ್ಧ. ಮೆಕಾಂಗ್ ನದಿ ಸಮುದ್ರ ಸೇರುವಲ್ಲಿ ನೂರಾರು ಕವಲಾಗಿ ಹರಡಿ, ಭತ್ತದ ಗದ್ದೆಗಳ ನಡುವೆ ಹರಿಯುತ್ತದೆ. ಅಲ್ಲಿ ರಸ್ತೆ ಕಡಿಮೆ, ಓಡಾಟವೆಲ್ಲ ನೀರಿನ ಮೇಲೆ. ಅಮೆರಿಕನ್ನರು ಸಣ್ಣ ಕಾವಲು ದೋಣಿಗಳನ್ನು ಆ ಕವಲುಗಳಲ್ಲಿ ಬಿಟ್ಟರು. ಆ ದೋಣಿಗಳಿಗೆ ಎಣ್ಣೆ, ಗುಂಡು, ರಿಪೇರಿ, ಹುಡುಗರಿಗೆ ಊಟ, ನಿದ್ದೆ ಬೇಕಲ್ಲ? ಅದಕ್ಕೆ ಚಪ್ಪಟೆ ತಳದ ಎಲ್.ಎಸ್.ಟಿ.ಗಿಂತ ಒಳ್ಳೆಯ ಮನೆ ಯಾವುದು? ಹಾರ್ನೆಟ್ ಕೌಂಟಿ ಆ ನದಿಗಳಲ್ಲಿ ತೇಲುವ ಠಾಣೆಯಾಯಿತು. ಪಕ್ಕದಲ್ಲಿ ದೋಣಿಗಳು, ಅಟ್ಟದ ಮೇಲೆ ಹೆಲಿಕಾಪ್ಟರುಗಳು. ಟ್ಯಾಂಕು ಇಳಿಸುವ ಕೆಲಸ ಮುಗಿದೇಹೋಗಿತ್ತು. ಯಾವ ರೈತನ ಮನೆಯ ಮೇಲೆ ಆ ಹೆಲಿಕಾಪ್ಟರುಗಳ ಗುಂಡು ಬಿತ್ತೋ ಅವನ ಮಾತು ಹಡಗಿನ ದಾಖಲೆಯಲ್ಲಿ ಇರುವುದಿಲ್ಲ. ಹಡಗಿಗೆ ಸಿಕ್ಕ ಪ್ರಶಸ್ತಿಗಳಷ್ಟೇ ಇರುತ್ತವೆ.

1970ರ ಅಕ್ಟೋಬರಿನಲ್ಲಿ ಅಮೆರಿಕ ಈ ಹಡಗನ್ನು ದಕ್ಷಿಣ ವಿಯೆಟ್ನಾಮಿಗೆ ಒಪ್ಪಿಸಿತು. ಹೊಸ ಹೆಸರು ಮಿ ಥೋ. ಅದು ಆ ನದೀಬಯಲಿನ ಒಂದು ಪಟ್ಟಣದ ಹೆಸರು. ಐದು ವರ್ಷವೂ ತುಂಬಲಿಲ್ಲ. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ದಕ್ಷಿಣ ವಿಯೆಟ್ನಾಂ ಎಂಬ ದೇಶವೇ ಇಲ್ಲವಾಯಿತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ದೇಶ ಬಿದ್ದ ದಿನ ಅದರ ನೌಕಾಪಡೆಯ ಮೂವತ್ತಕ್ಕೂ ಹೆಚ್ಚು ಹಡಗುಗಳು ಕಾನ್ ಸಾನ್ ಎಂಬ ದ್ವೀಪದ ಹತ್ತಿರ ಸೇರಿದವು. ನಾವಿಕರು ತಮ್ಮ ಹೆಂಡಿರು, ಮಕ್ಕಳು, ಅಪ್ಪ ಅಮ್ಮಂದಿರನ್ನು ಹತ್ತಿಸಿಕೊಂಡಿದ್ದರು. ಎಲ್ಲ ಸೇರಿ ಸುಮಾರು ಮೂವತ್ತು ಸಾವಿರ ಜನ. ಮಿ ಥೋ ಹಡಗೂ ಅದರಲ್ಲಿತ್ತು. ಕಿರ್ಕ್ ಎಂಬ ಅಮೆರಿಕನ್ ಯುದ್ಧನೌಕೆ ಮುಂದೆ ನಿಂತು ಅವರನ್ನೆಲ್ಲ ಫಿಲಿಪ್ಪೀನ್ಸಿನ ಸುಬಿಕ್ ಕೊಲ್ಲಿಯ ಕಡೆಗೆ ಕರೆದೊಯ್ಯಿತು. ದಡ ಕಾಣುವಾಗ ತೊಡಕು ಬಂತು. ಫಿಲಿಪ್ಪೀನ್ಸ್ ಸರಕಾರ ವಿಯೆಟ್ನಾಮಿನ ಹೊಸ ಆಡಳಿತವನ್ನು ಒಪ್ಪಿಕೊಂಡಿತ್ತು. ಹಳೆಯ ಬಾವುಟ ಹೊತ್ತ ಹಡಗುಗಳನ್ನು ಒಳಗೆ ಬಿಡಲಾಗದು ಎಂದಿತು. ಕೊನೆಗೆ ಒಂದು ದಾರಿ ಹುಡುಕಿದರು. ಈ ಹಡಗುಗಳೆಲ್ಲ ಅಮೆರಿಕ ಕೊಟ್ಟವುಗಳೇ ತಾನೆ, ಅವನ್ನು ಅಮೆರಿಕೆಗೆ ಮರಳಿಸಿದರೆ ಆಯಿತು. 1975ರ ಮೇ 7ರಂದು ಒಂದೊಂದು ಹಡಗಿನ ಮೇಲೂ ಹಳೆಯ ಬಾವುಟ ಇಳಿಸಿ ಅಮೆರಿಕೆಯ ಬಾವುಟ ಏರಿಸಿದರು. ಜನ ತಮ್ಮ ನಾಡಗೀತೆ ಹಾಡಿ ಅತ್ತರು. ಅವರ ಕಾಲಡಿಗೆ ಉಳಿದಿದ್ದ ದೇಶವೆಂದರೆ ಆ ಹಡಗುಗಳ ಹಲಗೆ ಮಾತ್ರ, ಅದೂ ಆ ಮಧ್ಯಾಹ್ನ ಕೈಬಿಟ್ಟಿತು. 1956ರ ನವೆಂಬರ್ 1ರಂದು ಮನೆಯಲ್ಲಿ ಕೂತಲ್ಲಿಯೇ ರಾಜ್ಯ ಬದಲಾದದ್ದನ್ನು ಕಂಡ ನಮ್ಮ ಹಿರಿಯರು ಆ ಸಂಕಟದ ಅಂಚನ್ನಾದರೂ ಊಹಿಸಬಲ್ಲರು. ನಮಗೆ ಮನೆಯಾದರೂ ಉಳಿದಿತ್ತು, ಅವರಿಗೆ ಅದೂ ಇಲ್ಲ.

ಜನರನ್ನು ಇಳಿಸಿದ ಮೇಲೆ ಖಾಲಿ ಹಡಗು ಸುಬಿಕ್‌ನಲ್ಲಿ ಉಳಿಯಿತು. 1976ರಲ್ಲಿ ಫಿಲಿಪ್ಪೀನ್ಸ್ ಅದನ್ನು ತನ್ನ ನೌಕಾಪಡೆಗೆ ಸೇರಿಸಿಕೊಂಡಿತು. ಮುಂದೆ ಅದಕ್ಕೆ ನಿಂತ ಹೆಸರು ಸಿಯೆರಾ ಮಾದ್ರೆ, ಆ ದೇಶದ ಲೂಸಾನ್ ದ್ವೀಪದ ದೊಡ್ಡ ಪರ್ವತಸಾಲಿನ ಹೆಸರು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳಿರುವ ನಾಡಿಗೆ ಸೈನಿಕರನ್ನೂ ಸಾಮಾನನ್ನೂ ಸಾಗಿಸುವುದಕ್ಕೆ ಇಂಥ ಹಡಗು ಬೇಕೇ ಬೇಕು. ಇಪ್ಪತ್ತು ವರ್ಷ ಹೀಗೆ ಸವೆಯಿತು.

ಈಗ ಗಡಿಯ ಮಾತಿಗೆ ಬರೋಣ. ಫಿಲಿಪ್ಪೀನ್ಸಿನ ಪಲಾವನ್ ದ್ವೀಪದ ಪಶ್ಚಿಮಕ್ಕೆ ಸಮುದ್ರದಲ್ಲಿ ಹವಳದ ದಿಬ್ಬಗಳಿವೆ. ಭರತದಲ್ಲಿ ಮುಳುಗುತ್ತವೆ, ಇಳಿತದಲ್ಲಿ ತಲೆ ತೋರುತ್ತವೆ. ಅಲ್ಲಿ ಮನೆಯಿಲ್ಲ, ಮರವಿಲ್ಲ, ಕುಡಿಯುವ ನೀರಿಲ್ಲ. ಮೀನು ಉಂಟು, ಕಡಲಡಿಯಲ್ಲಿ ಎಣ್ಣೆ, ಅನಿಲ ಇದ್ದೀತೆಂಬ ಆಸೆ ಉಂಟು. ಚೀನಾ ಆ ಸಮುದ್ರದ ಬಹುಭಾಗ ತನ್ನದೆನ್ನುತ್ತದೆ. 1995ರಲ್ಲಿ ಮಿಸ್‌ಚೀಫ್ ಎಂಬ ದಿಬ್ಬದ ಮೇಲೆ ಚೀನೀಯರು ಕಂಬ ನೆಟ್ಟು ಕಟ್ಟಡ ಎಬ್ಬಿಸಿದ್ದು ಫಿಲಿಪ್ಪೀನ್ಸಿನ ಕಣ್ಣಿಗೆ ಬಿತ್ತು. ಕೇಳಿದರೆ, ಮೀನುಗಾರರಿಗೆ ನೆರಳು ಎಂದು ಉತ್ತರ ಬಂತು. ನೆರಳಿಗೆಂದು ಹಾಕಿದ ಚಪ್ಪರ ಆಮೇಲೆ ಏನಾಗುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಇವತ್ತು ಅಲ್ಲಿ ವಿಮಾನ ಇಳಿಯುವ ಪಟ್ಟಿಯಿದೆ.

ಅದಕ್ಕೆ ನಲವತ್ತು ಕಿಲೋಮೀಟರಿಗಿಂತ ಹತ್ತಿರದಲ್ಲಿ ಇನ್ನೊಂದು ದಿಬ್ಬ. ಇಂಗ್ಲಿಷಿನಲ್ಲಿ ಸೆಕೆಂಡ್ ಥಾಮಸ್ ಎಂದೂ, ಫಿಲಿಪ್ಪೀನ್ಸಿನವರು ಆಯುಂಗಿನ್ ಎಂದೂ, ಚೀನೀಯರು ರೆನ್‌ಆಯ್ ಎಂದೂ ಕರೆಯುತ್ತಾರೆ. ವಿಯೆಟ್ನಾಮಿನವರಿಗೆ ನಾಲ್ಕನೆಯ ಹೆಸರೊಂದಿದೆ. ಒಂದೇ ಊರಿಗೆ ಎರಡು ಮೂರು ಹೆಸರಿರುವುದು ನಮಗೆ ಹೊಸದಲ್ಲ. ಬಸ್ಸಿನ ಬೋರ್ಡಿನಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಹೆಸರು ಹೆಚ್ಚಾದಷ್ಟೂ ಜಗಳ ಹಳೆಯದು ಎಂದು ಲೆಕ್ಕ.

1999ರ ಮೇ 9ರಂದು ಸಿಯೆರಾ ಮಾದ್ರೆ ಈ ಆಯುಂಗಿನ್ ದಿಬ್ಬದ ಮೇಲೆ ಹತ್ತಿ ನಿಂತಿತು. ಹಡಗು ಆಕಸ್ಮಿಕವಾಗಿ ಸಿಕ್ಕಿಕೊಂಡಿದೆ ಎಂದು ಆಗ ಹೇಳಲಾಯಿತು. ನಾನು ಮೊದಲು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ನೆಲ ಹತ್ತುವುದೇ ಈ ಹಡಗಿನ ಉದ್ಯೋಗ. ಐವತ್ತೈದು ವರ್ಷ ಕಲಿತ ವಿದ್ಯೆಯನ್ನೇ ಅದು ಕೊನೆಯ ಸಲ ಮಾಡಿತು. ವ್ಯತ್ಯಾಸವೊಂದೇ: ಈ ಸಲ ಹಿಂದಕ್ಕೆ ಎಳೆದುಕೊಳ್ಳುವ ಉದ್ದೇಶವಿರಲಿಲ್ಲ. ಮಿಸ್‌ಚೀಫ್‌ಗೆ ಉತ್ತರವಾಗಿ, ಜಾಗ ನಮ್ಮದೆಂದು ತೋರಿಸಲು ಬೇಕೆಂದೇ ಹಾಗೆ ಇರಿಸಿದ್ದು ಎಂದು 2014ರಲ್ಲಿ ಫಿಲಿಪ್ಪೀನ್ಸಿನ ವಿದೇಶಾಂಗ ಇಲಾಖೆ ಬಾಯಿಬಿಟ್ಟು ಹೇಳಿತು. 1999ರ ನವೆಂಬರಿನಲ್ಲಿ ಬೆಂಗೆಟ್ ಎಂಬ ಇನ್ನೊಂದು ಎಲ್.ಎಸ್.ಟಿ.ಯನ್ನು ಸ್ಕಾರ್ಬರೋ ದಿಬ್ಬದ ಮೇಲೂ ಹತ್ತಿಸಿದ್ದರು. ಚೀನಾ ಒತ್ತಾಯಿಸಿದಾಗ ಅದನ್ನು ಎಳೆದು ತಂದರು. ಇದನ್ನು ಮಾತ್ರ ತರಲಿಲ್ಲ.

ಸಿಯೆರಾ ಮಾದ್ರೆಯನ್ನೂ ತೆಗೆಯುತ್ತೇವೆಂದು ನೀವು ಮಾತು ಕೊಟ್ಟಿದ್ದಿರಿ ಎಂದು ಚೀನಾ ಹೇಳುತ್ತ ಬಂದಿದೆ. ಅಂಥ ಮಾತು ಕೊಟ್ಟದ್ದು ತನಗೆ ಗೊತ್ತಿಲ್ಲ, ಕೊಟ್ಟಿದ್ದರೂ ಈಗಲೇ ಹಿಂತೆಗೆದುಕೊಂಡಿದ್ದೇನೆ ಎಂದು 2023ರ ಆಗಸ್ಟಿನಲ್ಲಿ ಅಧ್ಯಕ್ಷ ಮಾರ್ಕೋಸರು ಹೇಳಿದರು. ಪತ್ರವಿಲ್ಲದ ಬಾಯಿಮಾತಿನ ಜಗಳ. ಪಂಚಾಯಿತಿಯಲ್ಲಿ ಕೂತವರಿಗೆ ಇದರ ತಲೆನೋವು ಗೊತ್ತು.

ಹಡಗಿನಲ್ಲಿ ಅಂದಿನಿಂದ ಯಾವಾಗಲೂ ಒಂದಷ್ಟು ಸೈನಿಕರು ಇದ್ದೇ ಇದ್ದಾರೆ. ಹೆಚ್ಚು ಜನರಲ್ಲ, ಬೆರಳೆಣಿಕೆಯಷ್ಟು. ಯಾಕೆಂದರೆ ಖಾಲಿ ಬಿಟ್ಟರೆ ಅದು ಗುಜರಿ. ಜನರಿದ್ದರೆ, ಬಾವುಟವಿದ್ದರೆ, ನೌಕಾಪಡೆಯ ಪಟ್ಟಿಯಲ್ಲಿ ಹೆಸರಿದ್ದರೆ ಅದು ಯುದ್ಧನೌಕೆ. 1951ರಲ್ಲಿ ಅಮೆರಿಕ ಮತ್ತು ಫಿಲಿಪ್ಪೀನ್ಸ್ ಮಾಡಿಕೊಂಡ ರಕ್ಷಣಾ ಒಪ್ಪಂದದ ಪ್ರಕಾರ ಒಬ್ಬರ ಸೇನೆಯ ಹಡಗಿನ ಮೇಲೆ ದಾಳಿಯಾದರೆ ಇನ್ನೊಬ್ಬರು ಸುಮ್ಮನಿರುವಂತಿಲ್ಲ. ಆದ್ದರಿಂದ ತುಕ್ಕು ಹಿಡಿದು ತೂತಾದ ಈ ಹಡಗನ್ನು ಫಿಲಿಪ್ಪೀನ್ಸ್ ಇವತ್ತಿಗೂ ನಿವೃತ್ತಿ ಮಾಡಿಲ್ಲ.

ಅಲ್ಲಿಗೆ ಹೋಗಿಬಂದ ಪತ್ರಕರ್ತರು ಬರೆದದ್ದನ್ನು ಓದಿದರೆ ಮನಸ್ಸಿಗೆ ಒಂಥರಾ ಆಗುತ್ತದೆ. ಅಟ್ಟದ ಕಬ್ಬಿಣ ತಿಂದುಹೋಗಿ ದೊಡ್ಡ ದೊಡ್ಡ ಕಂಡಿಗಳು ಬಿದ್ದಿವೆ, ಹಲಗೆ ಹಾಕಿಕೊಂಡು ನಡೆಯಬೇಕು. ಟ್ಯಾಂಕುಗಳು ನಿಲ್ಲುತ್ತಿದ್ದ ಹೊಟ್ಟೆಯೊಳಗೆ ಕಡಲ ನೀರು ನಿಂತಿದೆ. ಹುಡುಗರು ಮೀನು ಹಿಡಿದು ಒಣಗಿಸುತ್ತಾರೆ, ಹಾಡು ಹಾಕಿಕೊಳ್ಳುತ್ತಾರೆ, ಅಕ್ಕಿ ಮುಗಿಯುವ ದಿನ ಎಣಿಸುತ್ತಾರೆ. ಅಕ್ಕಿ, ನೀರು, ಎಣ್ಣೆ ಎಲ್ಲ ಪಲಾವನ್‌ನಿಂದ ಬರಬೇಕು, ಅದು ಸುಮಾರು 195 ಕಿಲೋಮೀಟರು. ಕಾವಲಿಗಿಂತ ದೊಡ್ಡ ಕೆಲಸ ಅಲ್ಲಿ ಕಾಯುವುದು.

ಈ ಸಾಮಾನಿನ ದೋಣಿಯೇ ಜಗಳದ ಮುಖ್ಯ ಕೊಂಡಿಯಾಯಿತು. ಗಡಿಕಲ್ಲನ್ನು ಕೀಳಲು ಆಗದಿದ್ದರೆ ಅದಕ್ಕೆ ನೀರೆರೆಯುವವನನ್ನು ತಡೆದರೆ ಸಾಕಲ್ಲ. 2014ರ ಮಾರ್ಚ್ 9ರಂದು ಚೀನಾದ ಕರಾವಳಿ ಕಾವಲುಪಡೆ ದೋಣಿಗಳನ್ನು ತಡೆದು ವಾಪಸು ಕಳಿಸಿತು. ಸಾಮಾನನ್ನು ವಿಮಾನದಿಂದ ಎಸೆಯಬೇಕಾಯಿತು. ಅದೇ ತಿಂಗಳ 29ರಂದು ಇನ್ನೊಂದು ದೋಣಿ ದೊಡ್ಡ ಹಡಗುಗಳು ಬರಲಾರದ ತೆಳುನೀರಿನಲ್ಲಿ ನುಸುಳಿ ತಲುಪಿತು. ಚಪ್ಪಟೆ ತಳದ ಹಡಗಿಗೆ ಅನ್ನ ಒಯ್ದದ್ದೂ ತೆಳುನೀರಿನ ದಾರಿಯೇ.

2016ರ ಜುಲೈ 12ರಂದು ಹೇಗ್ ನಗರದ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಆಯುಂಗಿನ್ ದಿಬ್ಬ ಇಳಿತದಲ್ಲಷ್ಟೇ ಕಾಣುವಂಥದ್ದು, ಅದಕ್ಕೆ ಸ್ವಂತದ ಸಮುದ್ರಸೀಮೆ ಎಂಬುದಿಲ್ಲ, ಅದು ಇರುವುದು ಫಿಲಿಪ್ಪೀನ್ಸಿನ ಆರ್ಥಿಕ ವಲಯದಲ್ಲಿ ಎಂದಿತು. ಚೀನಾ ಆ ವಿಚಾರಣೆಗೇ ಹಾಜರಾಗಲಿಲ್ಲ, ತೀರ್ಪನ್ನೂ ಒಪ್ಪಲಿಲ್ಲ. ಡಿಕ್ರಿ ಕೈಯಲ್ಲಿದ್ದರೂ ಜಮೀನಿಗೆ ಕಾಲಿಡಲಾಗದ ಸ್ಥಿತಿ.

2021ರ ನವೆಂಬರಿನಲ್ಲಿ ಸಾಮಾನಿನ ದೋಣಿಗಳ ಮೇಲೆ ನೀರಿನ ಫಿರಂಗಿ ಹಾರಿಸಿದರು. 2023ರ ಆಗಸ್ಟಿನಲ್ಲಿ ಮತ್ತೆ. 2024ರ ಮಾರ್ಚಿನಲ್ಲಿ ಆ ನೀರಿನ ಹೊಡೆತಕ್ಕೆ ದೋಣಿಯ ಗಾಜು ಒಡೆದು ನಾವಿಕರು ಗಾಯಗೊಂಡರು. ಅದೇ ವರ್ಷ ಜೂನ್ 17ರಂದು ನಡೆದದ್ದು ಎಲ್ಲಕ್ಕಿಂತ ಕೆಟ್ಟದ್ದು. ಚೀನಾದ ಸಣ್ಣ ದೋಣಿಗಳು ಸುತ್ತುವರಿದವು, ಅವುಗಳಲ್ಲಿದ್ದವರ ಕೈಯಲ್ಲಿ ಚೂರಿ, ಕೊಡಲಿ. ರಬ್ಬರಿನ ದೋಣಿಗಳನ್ನು ಚುಚ್ಚಿದರು. ಡಿಕ್ಕಿಯಲ್ಲಿ ಫಿಲಿಪ್ಪೀನ್ಸಿನ ಒಬ್ಬ ನಾವಿಕನ ಹೆಬ್ಬೆರಳು ಹೋಯಿತು. ಅಣುಬಾಂಬಿನ ಕಾಲದಲ್ಲಿ, ಕ್ಷಿಪಣಿಗಳ ಕಾಲದಲ್ಲಿ, ಗದ್ದೆಯ ಬದುವಿನ ಮೇಲೆ ನಡೆಯುವಂಥ ಕೊಡಲಿ ಜಗಳ. ಗುಂಡು ಹಾರಿದರೆ ಮೂರು ದೇಶಗಳ ಯುದ್ಧವಾದೀತೆಂಬ ಭಯವೇ ಅವರ ಕೈಗೆ ಕೊಡಲಿ ಕೊಟ್ಟದ್ದು ಎಂದು ನನಗೆ ತೋರುತ್ತದೆ.

ಆ ಹೆಬ್ಬೆರಳಿನ ನಂತರ ಇಬ್ಬರೂ ಸ್ವಲ್ಪ ಎಚ್ಚೆತ್ತರು. 2024ರ ಜುಲೈ 21ರಂದು ಸಾಮಾನು ಒಯ್ಯುವ ಬಗ್ಗೆ ತಾತ್ಕಾಲಿಕ ತಿಳಿವಳಿಕೆಯೊಂದಕ್ಕೆ ಬಂದರು. 27ರಂದು ದೋಣಿ ಹೋಯಿತು, ತಡೆಯಿಲ್ಲದೆ ಬಂತು. ಆ ತಿಳಿವಳಿಕೆಯ ಒಳಗಿನ ಮಾತುಗಳೇನು ಎಂಬುದರಲ್ಲಿ ಎರಡೂ ಕಡೆಯವರು ಹೇಳುವುದು ಒಂದೇ ತೆರನಾಗಿಲ್ಲ. ಆದರೂ ಅಕ್ಕಿ ತಲುಪುತ್ತಿದೆ.

ಇನ್ನೊಂದು ವಿಷಯ. ಇದೇ ಜಾತಿಯ ಎಲ್.ಎಸ್.ಟಿ. 325 ಎಂಬ ಹಡಗು ಗ್ರೀಸ್ ದೇಶದ ಸೇವೆಯಲ್ಲಿತ್ತು. ಅದನ್ನು ಎಪ್ಪತ್ತು ದಾಟಿದ ಹಳೆಯ ನಾವಿಕರ ಗುಂಪೊಂದು ತಾವೇ ನಡೆಸಿಕೊಂಡು ಅಟ್ಲಾಂಟಿಕ್ ದಾಟಿ 2001ರ ಜನವರಿಯಲ್ಲಿ ಅಮೆರಿಕೆಗೆ ತಂದಿತು. ಈಗ ಅದು ಎವಾನ್ಸ್‌ವಿಲ್ಲಿನಲ್ಲಿ, ಒಹಾಯೊ ನದಿಯ ದಡದಲ್ಲಿ ವಸ್ತುಸಂಗ್ರಹಾಲಯವಾಗಿದೆ. ಶಾಲೆಯ ಮಕ್ಕಳು ಟಿಕೆಟು ತೆಗೆದುಕೊಂಡು ಒಳಗೆ ಹೋಗಿ ನೋಡುತ್ತಾರೆ. ಆಗಾಗ ಅದು ಯಂತ್ರ ಹಾಕಿ ನದಿಯಲ್ಲಿ ಓಡಾಡುವುದೂ ಉಂಟು. ಅದೇ ಊರಿನ ಕಟ್ಟೆಯಿಂದ ನೀರಿಗಿಳಿದ 821ನೆಯ ನಂಬರು ಆಯುಂಗಿನ್ ದಿಬ್ಬದ ಮೇಲೆ ಸ್ವಲ್ಪ ವಾಲಿಕೊಂಡು ನಿಂತಿದೆ. ಒಳಗಿನವರು ಅದು ಬೀಳದಂತೆ ತೇಪೆ ಹಾಕುತ್ತಲೇ ಇದ್ದಾರೆ. ದುರಸ್ತಿಗೆ ಬೇಕಾದ ಸಾಮಾನು ಒಯ್ಯಬಾರದು, ಅಕ್ಕಿ ನೀರು ಮಾತ್ರ ಒಯ್ಯಿರಿ ಎನ್ನುವುದು ಚೀನಾದ ಪಟ್ಟು. ಹಾಗಾಗಿ ದೋಣಿ ಹೊರಡುವ ಪ್ರತಿ ಸಲವೂ ಅದರಲ್ಲಿ ಅಕ್ಕಿಯ ಚೀಲವಿದೆಯೋ ಸಿಮೆಂಟಿನ ಚೀಲವಿದೆಯೋ ಎಂಬುದು ಎರಡು ರಾಜಧಾನಿಗಳ ಮಾತಾಗುತ್ತದೆ.